ಬಿಡಿಸಿ ಜೋಡಿಸುವ ಪದಕಾರ್ಡುಗಳು: ಪದವರ್ಗ ಕಲಿಸುವ ಜೇಬು ಹಲಗೆಯನ್ನು ತಯಾರಿಸುವ ಬಗೆ

ನಾಮಪದಕ್ಕೆ ಒಂದು ಬಣ್ಣ, ಕ್ರಿಯಾಪದಕ್ಕೆ ಇನ್ನೊಂದು ಬಣ್ಣ ಎಂದು ಕಾರ್ಡು ಮಾಡಿ ಗೋಡೆಗೆ ತೂಗುಹಾಕುವುದು ಸುಲಭ. ಆದರೆ ಕನ್ನಡದ ವಾಕ್ಯದಲ್ಲಿ ‘ಮನೆ’ ಎಂಬ ಪದ ಹಾಗೆಯೇ ಬರುವುದು ಕಡಿಮೆ. ಮನೆಯನ್ನು, ಮನೆಗೆ, ಮನೆಯಲ್ಲಿ ಎಂದು ಬಾಲ ಹಚ್ಚಿಕೊಂಡೇ ಬರುತ್ತದೆ. ಪೂರ್ತಿ ಪದಕ್ಕೆ ಒಂದೇ ಬಣ್ಣ ಬಳಿದರೆ, ವಾಕ್ಯದಲ್ಲಿ ಆ ಪದ ಮಾಡುತ್ತಿರುವ ಕೆಲಸವನ್ನು ಹೇಳುವ ಭಾಗವೇ ಬಣ್ಣದಡಿ ಮುಚ್ಚಿಹೋಗುತ್ತದೆ. ಹಾಗಾಗಿ ಇಲ್ಲಿನ ಕಾರ್ಡುಗಳು ಪ್ರಕೃತಿ (ಪದದ ಮೂಲರೂಪ) ಮತ್ತು ಪ್ರತ್ಯಯ (ಅದಕ್ಕೆ ಹಚ್ಚುವ ಬಾಲ) ಸೇರುವ ಜಾಗದಲ್ಲಿ ಬಿಡಿಸಿ ಜೋಡಿಸುವಂಥವು. ಉಳಿದ ಅಳತೆಗಳೆಲ್ಲ ಈ ಒಂದು ತೀರ್ಮಾನದಿಂದ ಹೊರಟಿವೆ.

ಮೂರು ವಸ್ತುಗಳನ್ನು ಮಾಡಬೇಕು: ನಾಲ್ಕು ಸಾಲಿನ ಜೇಬು ಹಲಗೆ (ಕಾರ್ಡು ಸಿಕ್ಕಿಸಲು ಪಾರದರ್ಶಕ ಜೇಬುಗಳಿರುವ, ತೂಗುಹಾಕುವ ಬಟ್ಟೆ), ಪದಕಾರ್ಡುಗಳ ಒಂದು ಕಟ್ಟು, ಮೇಜಿನ ಮೇಲೆ ಬಳಸುವ ಕ್ರಿಯಾಪದ ಚಕ್ರ.

ಕಾರ್ಡಿನ ಅಳತೆ ಮೊದಲು

ಹಲಗೆಯನ್ನು ಮೊದಲು ಹೊಲಿದು ಆಮೇಲೆ ಕಾರ್ಡು ಕತ್ತರಿಸಿದರೆ ಒತ್ತಕ್ಷರಗಳು ಜೇಬಿನೊಳಗೆ ಮುಳುಗುತ್ತವೆ. ಕನ್ನಡದ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಗುಡಿಸು, ಎತ್ವಗಳಿಗೆ (‘ಕಿ’, ‘ಕೆ’ಗಳ ಸ್ವರಚಿಹ್ನೆಗಳಿಗೆ) ಮೇಲೆ ಜಾಗ ಬೇಕು. ‘ನ್ನು’, ‘ಕ್ಕೆ’, ‘ತ್ತಾ’ಗಳಿಗೆ ಕೆಳಗೆ ಬೇಕು. ಬೇರೆ ಲಿಪಿಗಾಗಿ ಮಾಡಿದ ಜೇಬು ಹಲಗೆಯಲ್ಲಿ ಕನ್ನಡದ ಕಾರ್ಡು ಇಟ್ಟಾಗ ಓದಲು ತೊಡಕಾಗುವುದು ಇದರಿಂದಲೇ.

ಕೊನೆಯ ಸಾಲಿನ ಮಗು 6 ಮೀಟರ್ ದೂರದಲ್ಲಿ ಕೂರುತ್ತದೆ ಎಂದುಕೊಳ್ಳಿ. 3 ಮೀಟರಿಗೆ 2.5 ಸೆಂ.ಮೀ. ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಲೆಕ್ಕ. ಅದರಂತೆ ‘ರ’ ಅಥವಾ ‘ಗ’ದಂಥ ಸಾದಾ ಅಕ್ಷರದ ಎತ್ತರ 5 ಸೆಂ.ಮೀ. ಆಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಪ–ಷ, ಥ–ಧಗಳ ವ್ಯತ್ಯಾಸ ಹಿಂದಿನ ಸಾಲಿಗೆ ಕಾಣದು. ಕಾರ್ಡಿನ ಒಟ್ಟು ಎತ್ತರ 15 ಸೆಂ.ಮೀ. ಅದರಲ್ಲಿ ಮೇಲಿನ 2.5 ಗುಡಿಸು–ಎತ್ವಗಳಿಗೆ, 5 ಅಕ್ಷರದ ಮೈಗೆ, 3.5 ಒತ್ತಿಗೆ, ಕೆಳಗಿನ 4 ಜೇಬಿನೊಳಗೆ ಹೋಗುವ ಖಾಲಿ ಪಟ್ಟಿ. ಅಗಲಕ್ಕೆ ಸಾದಾ ಅಕ್ಷರವೊಂದಕ್ಕೆ 6 ಸೆಂ.ಮೀ., ‘ನೋ’, ‘ತ್ತೇ’, ‘ತ್ತೀ’ಯಂಥ ದೀರ್ಘಕ್ಕೆ 9 ಸೆಂ.ಮೀ. ಹಿಡಿಯಿರಿ. ‘ಹುಡುಗನು ಮರವನ್ನು ನೋಡುತ್ತಾನೆ’ ಎಂಬ ವಾಕ್ಯ ಈ ಲೆಕ್ಕದಲ್ಲಿ ಅಂಚುಗಳೂ ಸೇರಿ ಸುಮಾರು 85 ಸೆಂ.ಮೀ. ಆಗುತ್ತದೆ. 120 ಸೆಂ.ಮೀ. ಅಗಲದ ಹಲಗೆಯಲ್ಲಿ ಇದಕ್ಕೆ ಒಂದು ವಿಶೇಷಣ ಸೇರಿಸುವಷ್ಟು ಜಾಗ ಉಳಿಯುತ್ತದೆ.

ಆ ಖಾಲಿ 4 ಸೆಂ.ಮೀ. ಪಟ್ಟಿಯೇ ಈ ಕಾರ್ಡಿನ ಜೀವಾಳ. ಪದವರ್ಗದ ಬಣ್ಣ ಮತ್ತು ಚಿಹ್ನೆ ಅಲ್ಲಿರಬೇಕು. ಪದಗಳನ್ನು ಮಾತ್ರ ಎಲ್ಲ ಕಾರ್ಡುಗಳಲ್ಲೂ ಬಿಳಿಯ ಮೇಲೆ ಕಪ್ಪಿನಲ್ಲೇ ಬರೆಯಿರಿ. ಹಳದಿ, ಗುಲಾಬಿ ಅಕ್ಷರಗಳು ದೂರಕ್ಕೆ ಕಾಣುವುದಿಲ್ಲ. ಜೇಬು ಪಾರದರ್ಶಕವಾದ್ದರಿಂದ ಒಳಗಿನ ಬಣ್ಣ ಹೊರಗೆ ಕಾಣುತ್ತದೆ. 118 × 4 ಸೆಂ.ಮೀ.ನ ಒಂದು ದಪ್ಪ ಕಾಗದದ ಪಟ್ಟಿಯನ್ನು ಕಾರ್ಡುಗಳ ಮುಂದೆ ಜೇಬಿನಲ್ಲಿ ತೂರಿಸಿದರೆ ಆ ಸಾಲಿನ ಬಣ್ಣಗಳೆಲ್ಲ ಒಮ್ಮೆಗೇ ಮರೆಯಾಗುತ್ತವೆ. ಮಕ್ಕಳು ಊಹಿಸಿ ಹೇಳಿದ ಮೇಲೆ ಪಟ್ಟಿಯನ್ನು ಎಳೆದರೆ ಉತ್ತರ ಅಲ್ಲೇ ಇರುತ್ತದೆ. ಕಾರ್ಡಿಗೆ ಪೂರ್ತಿ ಬಣ್ಣ ಹಚ್ಚಿದ್ದರೆ ಈ ಪರೀಕ್ಷೆ ಮಾಡಲು ಬರುವುದಿಲ್ಲ. ಮಕ್ಕಳು ಪದ ಓದದೆ ಬಣ್ಣ ನೋಡಿ ಉತ್ತರ ಹೇಳಲು ಕಲಿತುಬಿಡುತ್ತಾರೆ.

ಬಣ್ಣ ಮತ್ತು ಆಕಾರ

ಮಾಂಟೆಸ್ಸೊರಿ ಪದ್ಧತಿಯ ವ್ಯಾಕರಣ ಚಿಹ್ನೆಗಳು ಇಲ್ಲಿ ಒಳ್ಳೆಯ ಆಧಾರ: ನಾಮಪದಕ್ಕೆ ಕಪ್ಪು ತ್ರಿಕೋನ, ಸರ್ವನಾಮಕ್ಕೆ ನೇರಳೆಯ ಉದ್ದ ತ್ರಿಕೋನ, ವಿಶೇಷಣಕ್ಕೆ ನೀಲಿ ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ, ಕ್ರಿಯಾವಿಶೇಷಣಕ್ಕೆ ಚಿಕ್ಕ ಕಿತ್ತಳೆ ವೃತ್ತ, ಪದಗಳನ್ನು ಬೆಸೆಯುವ ‘ಮತ್ತು’, ‘ಆದರೆ’, ‘ಅಥವಾ’ಗಳಿಗೆ ಗುಲಾಬಿ ಅಡ್ಡಪಟ್ಟಿ, ‘ಅಯ್ಯೋ’, ‘ಆಹಾ’, ‘ಅಬ್ಬಾ’ಗಳಿಗೆ ಬಂಗಾರದ ಬೀಗದಕಿಂಡಿ. ಆ ಪದ್ಧತಿಯಲ್ಲಿ ಇಂಗ್ಲಿಷಿನ ಆರ್ಟಿಕಲ್‌ಗೆ ಇಟ್ಟ ತಿಳಿನೀಲಿ ತ್ರಿಕೋನ ನಮಗೆ ಬೇಡ. ಪ್ರಿಪೊಸಿಷನ್‌ಗೆ ಇಟ್ಟ ಹಸಿರು ಅರ್ಧಚಂದ್ರವನ್ನು ವಿಭಕ್ತಿ ಪ್ರತ್ಯಯಗಳಿಗೂ ‘ಮೇಲೆ’, ‘ಒಳಗೆ’, ‘ಕೆಳಗೆ’ಗಳಿಗೂ ಕೊಡಿ. ಕನ್ನಡದಲ್ಲಿ ಆ ಕೆಲಸ ಮಾಡುವವರು ಇವರೇ.

ಬಣ್ಣದ ಜೊತೆ ಆಕಾರ ಇರಲೇಬೇಕು. ಕೆಂಪು–ಹಸಿರು ಬೇರೆಬೇರೆಯಾಗಿ ಕಾಣದ ಮಗುವಿಗೆ ಕ್ರಿಯಾಪದವೂ ಪ್ರತ್ಯಯವೂ ಒಂದೇ ಬಣ್ಣ. ವೃತ್ತ ಮತ್ತು ಅರ್ಧಚಂದ್ರ ಇದ್ದರೆ ಗೊಂದಲವಿಲ್ಲ.

‘ದಬದಬ’, ‘ಪಟಪಟ’, ‘ಸರಸರ’ದಂಥ ಅನುಕರಣಾವ್ಯಯಗಳನ್ನು ಕಿತ್ತಳೆ ಪಟ್ಟಿಯಲ್ಲಿ ಚುಕ್ಕಿ ಹಾಕಿ ಗುರುತಿಸಿ. ಅವ್ಯಯದ ಪಾಠಕ್ಕೆ ಇವುಗಳಷ್ಟು ಉತ್ಸಾಹ ತುಂಬುವ ಪದಗಳು ಬೇರೆ ಇಲ್ಲ, ಎಳೆಯ ಮಕ್ಕಳ ತರಗತಿಯಲ್ಲಂತೂ ಇವುಗಳಿಂದಲೇ ಶುರುಮಾಡಬಹುದು.

ನಾಮಪದಗಳ ಆಯ್ಕೆ

ಸಮಯ ತೆಗೆದುಕೊಳ್ಳುವುದು ಈ ಹಂತವೇ. ಯಾವ ಪದಕ್ಕೆ ಯಾವ ಪ್ರತ್ಯಯ ರೂಪ ಸೇರುತ್ತದೆ ಎಂಬುದು ಪದದ ಕೊನೆಯ ಸ್ವರದ ಮೇಲೆ ನಿಂತಿದೆ. ಮನಬಂದಂತೆ ಪದ ಆರಿಸಿದರೆ ಪ್ರತಿ ಪದಕ್ಕೂ ಬೇರೆ ಪ್ರತ್ಯಯ ಕಾರ್ಡು ಮಾಡುತ್ತ ಕೂರಬೇಕಾಗುತ್ತದೆ. ನಾಲ್ಕು ಗುಂಪು ಮಾಡಿಕೊಂಡರೆ ಒಟ್ಟು 23 ಪ್ರತ್ಯಯ ಕಾರ್ಡುಗಳಲ್ಲಿ ಕೆಲಸ ಮುಗಿಯುತ್ತದೆ.

‘ಯ’ ಗುಂಪು: ಮನೆ, ಆನೆ, ಎಲೆ, ಹುಲಿ, ನದಿ, ಹುಡುಗಿ. ಇವಕ್ಕೆ ಯು, ಯನ್ನು, ಯಿಂದ, ಗೆ, ಯ, ಯಲ್ಲಿ.

‘ಮರ’ ಗುಂಪು: ಮರ, ಪುಸ್ತಕ, ಚಿತ್ರ, ಕೊಳ, ಆಟ. ಇವಕ್ಕೆ ವು, ವನ್ನು, ದಿಂದ, ಕ್ಕೆ, ದ, ದಲ್ಲಿ.

‘ನ’ ಗುಂಪು: ಹುಡುಗ, ಅಣ್ಣ, ರಾಜ. ಇವಕ್ಕೆ ನು, ನನ್ನು, ನಿಂದ, ನಿಗೆ, ನ, ನಲ್ಲಿ.

‘ಡು’ ಗುಂಪು: ಕಾಡು, ಹಾಡು, ಗೂಡು, ನಾಡು. ಇವಕ್ಕೆ ಡನ್ನು, ಡಿನಿಂದ, ಡಿಗೆ, ಡಿನ, ಡಿನಲ್ಲಿ.

ಉಕಾರಾಂತ ಪದಗಳಲ್ಲಿ ‘ಅನ್ನು’ ಸೇರುವಾಗ ಕೊನೆಯ ಉಕಾರ ಲೋಪವಾಗಿ ವ್ಯಂಜನ ಪ್ರತ್ಯಯದ ಸ್ವರದೊಂದಿಗೆ ಬೆರೆಯುತ್ತದೆ. ‘ಕಾಡು’ ಮತ್ತು ‘ಅನ್ನು’ ಎಂದು ಎರಡು ಕಾರ್ಡು ಪಕ್ಕಪಕ್ಕ ಇಟ್ಟರೆ ‘ಕಾಡನ್ನು’ ಆಗುವುದಿಲ್ಲ. ಲಿಪಿಯಲ್ಲಿ ಅಕ್ಷರವನ್ನು ಅರ್ಧಕ್ಕೆ ಕತ್ತರಿಸಲು ಬಾರದು. ಹಾಗಾಗಿ ವ್ಯಂಜನವನ್ನು ಪ್ರತ್ಯಯದ ಕಾರ್ಡಿಗೇ ಕೊಟ್ಟು, ‘ಡು’ವಿನಲ್ಲೇ ಕೊನೆಯಾಗುವ ಪದಗಳನ್ನಷ್ಟೇ ಆರಿಸುವುದು. ಊರು, ಬೆಕ್ಕು, ಹಣ್ಣುಗಳೆಲ್ಲ ಎಷ್ಟೇ ಪರಿಚಿತ ಪದಗಳಾದರೂ ಮೊದಲ ಕಟ್ಟಿಗೆ ಬೇಡ, ಒಂದೊಂದೂ ಐದೈದು ಹೊಸ ಕಾರ್ಡು ಕೇಳುತ್ತದೆ. ಹಸು, ಮಗುಗಳೂ ಬೇಡ. ಅವು ‘ಹಸುವನ್ನು’ ಎಂದು ಮರದ ಗುಂಪಿಗೆ ಸೇರಿದಂತೆ ಕಂಡು, ಮುಂದೆ ‘ಹಸುವಿಗೆ’, ‘ಹಸುವಿನ’ ಎಂದು ದಾರಿ ಬದಲಿಸುತ್ತವೆ.

‘ಕಾಡು’ ಕಾರ್ಡಿನಲ್ಲಿ ‘ಕಾ’ ಒಂದು ತುಂಡು, ‘ಡು’ 6 ಸೆಂ.ಮೀ.ನ ಇನ್ನೊಂದು ತುಂಡು. ಎರಡನ್ನೂ ಬೇರೆಬೇರೆಯಾಗಿ ಲ್ಯಾಮಿನೇಟ್ ಮಾಡಿ, ನಡುವೆ 1.5 ಮಿ.ಮೀ. ಬಿಟ್ಟು, ಹಿಂಬದಿಯಿಂದ ಬಟ್ಟೆಯ ಟೇಪು ಅಂಟಿಸಿ. ‘ಡು’ ಹಿಂದಕ್ಕೆ ಮಡಚಿ ಮರೆಯಾಗುತ್ತದೆ, ಆ ಜಾಗಕ್ಕೆ ‘ಡನ್ನು’ ಬಂದು ಕೂರುತ್ತದೆ. ಉಕಾರ ಲೋಪವಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಒಂದೇ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಮಡಚಲು ಹೋದರೆ ಮಡಿಕೆಯಲ್ಲಿ ಪೊರೆ ಬಿಳಿಚಿ ಬಿರುಕುಬಿಡುತ್ತದೆ. ನಡುವಿನ 1.5 ಮಿ.ಮೀ. ಬಿಡದಿದ್ದರೆ ಕಾರ್ಡು ಪೂರ್ತಿ ಮಡಚದೆ ಪುಟಿದು ನಿಲ್ಲುತ್ತದೆ.

ಪಂಚಮಿಯ ‘ದೆಸೆಯಿಂದ’ ಈ ಕಟ್ಟಿನಲ್ಲಿಲ್ಲ. ಮಕ್ಕಳು ಆಡುವ, ಓದುವ ವಾಕ್ಯಗಳಲ್ಲಿ ಆ ಜಾಗದಲ್ಲೂ ‘ಇಂದ’ವೇ ಬರುತ್ತದೆ; ವಿಭಕ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ತರಗತಿಗೆ ಬಂದಾಗ ಸೇರಿಸಿದರಾಯಿತು. ಸರ್ವನಾಮಗಳನ್ನೂ ತುಂಡರಿಸಬೇಡಿ. ನಾನು ಎಂಬುದು ನನ್ನನ್ನು, ನನಗೆ, ನನ್ನ ಎಂದು ಬುಡದಲ್ಲೇ ಬದಲಾಗುವುದರಿಂದ ಇಡಿಯ ಕಾರ್ಡುಗಳೇ ಸರಿ. ಪಟ್ಟಿಯ ಎಡ ಅರ್ಧ ನೇರಳೆ, ಬಲ ಅರ್ಧ ಹಸಿರು.

ಕಚ್ಚು ಮತ್ತು ನಾಲಿಗೆ

ಮಗು ‘ಮನೆ’ಯ ಪಕ್ಕ ‘ದಿಂದ’ ಇಟ್ಟರೆ ಶಿಕ್ಷಕರು ಬಂದು ತಿದ್ದುವ ತನಕ ಕಾಯಬೇಕೆ? ಕಾರ್ಡೇ ತಿದ್ದಲಿ. ಪ್ರಕೃತಿ ಕಾರ್ಡಿನ ಬಲ ಅಂಚಿನಲ್ಲಿ, ಬಣ್ಣದ ಪಟ್ಟಿಯ ಭಾಗದಲ್ಲಿ, 1 ಸೆಂ.ಮೀ. ಆಳದ ಕಚ್ಚು ಕತ್ತರಿಸಿ. ಪ್ರತ್ಯಯದ ಎಡ ಅಂಚಿನಲ್ಲಿ ಅದೇ ಆಕಾರದ ನಾಲಿಗೆ. ಯ ಗುಂಪಿಗೆ ತ್ರಿಕೋನ, ಮರದ ಗುಂಪಿಗೆ ಅರ್ಧವೃತ್ತ, ನ ಗುಂಪಿಗೆ ಚೌಕ, ಡು ಗುಂಪಿಗೆ ಓರೆ ಪಟ್ಟಿ, ಕ್ರಿಯಾಪದಗಳಿಗೆ ಎರಡು ಹಲ್ಲು. ಕಚ್ಚು ನಾಲಿಗೆಗಿಂತ ಸುತ್ತಲೂ 1 ಮಿ.ಮೀ. ದೊಡ್ಡದಿರಲಿ. ಸರಿಸಮವಾಗಿ ಕತ್ತರಿಸಿದರೆ ಮಕ್ಕಳು ಒತ್ತಿ ತುರುಕಿ ನಾಲಿಗೆಯ ತುದಿ ಮಡಚುತ್ತದೆ.

‘ಬೇಗ’, ‘ಮೆಲ್ಲಗೆ’, ‘ಮತ್ತು’, ‘ಅಯ್ಯೋ’ ಕಾರ್ಡುಗಳಿಗೆ ಕಚ್ಚೇ ಬೇಡ. ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ ಪದ ಅವ್ಯಯ ಎಂಬ ಸೂತ್ರ ಕಾರ್ಡಿನ ನೇರ ಅಂಚಿನಲ್ಲೇ ಇದೆ: ಯಾವ ಪ್ರತ್ಯಯ ತಂದರೂ ಕೂರುವುದಿಲ್ಲ. ‘ದೊಡ್ಡ’, ‘ಚಿಕ್ಕ’, ‘ಒಳ್ಳೆಯ’ ಎಂಬ ವಿಶೇಷಣಗಳಿಗೂ ನೇರ ಅಂಚೇ.

ಬಹುವಚನದ ‘ಗಳು’ ಎರಡನೆಯ ಹಂತಕ್ಕೆ ಇರಲಿ. ಮರಗಳು, ಮನೆಗಳು, ಕಾಡುಗಳು ಎಂದು ಅದು ಹಲವು ಗುಂಪಿಗೆ ಸೇರುವುದರಿಂದ ನಾಲಿಗೆ ಇಡಲು ಬರುವುದಿಲ್ಲ. ನಾಲಿಗೆ ಇಲ್ಲದಿದ್ದರೆ ‘ಹುಡುಗಗಳು’ ಎಂದೂ ಕೂರುತ್ತದೆ. ಆ ಪಾಠಕ್ಕೆ ಶಿಕ್ಷಕರು ಪಕ್ಕದಲ್ಲೇ ಇರಬೇಕು.

ಮುದ್ರಣ, ಕತ್ತರಿಕೆ, ಲ್ಯಾಮಿನೇಷನ್

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಸಾಕು. ಹಾಳೆಯನ್ನು ಅಡ್ಡ ಇಟ್ಟು ಎ4ರಲ್ಲಿ ಒಂದು ಸಾಲು ಮುದ್ರಿಸಿ. ಚಿಕ್ಕ ಪ್ರತ್ಯಯಗಳಾದರೆ ಪಕ್ಕಪಕ್ಕ ಎರಡು ಮೂರು ಹಿಡಿಯುತ್ತವೆ. ಎ3 ಹಾಳೆಯಲ್ಲಿ ಎರಡು ಸಾಲು ಬರುತ್ತದೆ ಎನಿಸುತ್ತದೆ, ಆದರೆ ಅದರ ಅಗಲ 29.7 ಸೆಂ.ಮೀ.; ಎರಡು ಕಾರ್ಡಿಗೆ 30 ಬೇಕು, ಮುದ್ರಕ ಬಿಡುವ ಅಂಚು ಬೇರೆ. ಅಕ್ಷರದ ಪಾಯಿಂಟ್ ಗಾತ್ರ ಫಾಂಟಿನಿಂದ ಫಾಂಟಿಗೆ ಬದಲಾಗುತ್ತದೆ. ಮೊದಲು ‘ರ’ ಮತ್ತು ‘ಕ್ಕೆ’ ಎರಡನ್ನೇ ಮುದ್ರಿಸಿ ಅಳೆಯಿರಿ: ‘ರ’ 5 ಸೆಂ.ಮೀ. ಇದ್ದು, ‘ಕ್ಕೆ’ಯ ಒತ್ತು 3.5ರೊಳಗೆ ಮುಗಿದರೆ ಆ ಗಾತ್ರ ಸರಿ. ತೀರ ದಪ್ಪ ಫಾಂಟಿನಲ್ಲಿ ಒತ್ತುಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಮಧ್ಯಮ ದಪ್ಪ ಸಾಕು.

ಪ್ರಕೃತಿ ಕಾರ್ಡಿನ ಬಲಕ್ಕೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಬಿಡಬೇಡಿ, ಪ್ರತ್ಯಯದ ಎಡಕ್ಕೆ ಏನೂ ಬಿಡಬೇಡಿ. ಇಲ್ಲದಿದ್ದರೆ ‘ಮನೆ ಯನ್ನು’ ಎಂದು ಎರಡು ಪದವಾಗಿ ಓದಿಸುತ್ತದೆ.

ಲ್ಯಾಮಿನೇಷನ್ ಪೊರೆ 125 ಮೈಕ್ರಾನ್, ಹೊಳಪಿಲ್ಲದ್ದು. ಹೊಳೆಯುವ ಪೊರೆಗೆ ಕಿಟಕಿಯ ಬೆಳಕು ಬಿದ್ದರೆ ಒಂದು ಬದಿಯ ಮಕ್ಕಳಿಗೆ ಬಿಳಿ ಹಾಳೆಯಷ್ಟೇ ಕಾಣುತ್ತದೆ. ಮೂರು ಅಂಚಿನಲ್ಲಿ 3 ಮಿ.ಮೀ. ಪೊರೆ ಉಳಿಸಿ ಕತ್ತರಿಸಿ. ಜೋಡಣೆಯ ಅಂಚಿನಲ್ಲಿ ಮಾತ್ರ ಕಾಗದದ ಸಮಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ಎರಡು ಪೊರೆಗಳ ಅಂಚು ಸೇರಿ 6 ಮಿ.ಮೀ. ಬಿರುಕಾಗುತ್ತದೆ. ಸಮಕ್ಕೆ ಕತ್ತರಿಸಿದ ಅಂಚು ಕ್ರಮೇಣ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಪಾರದರ್ಶಕ ಟೇಪನ್ನು ಮುಂದಿನಿಂದ ಹಿಂದಕ್ಕೆ ಮಡಚಿ ಅಂಟಿಸಿ, ನಾಲಿಗೆಯ ಆಕಾರಕ್ಕೆ ಸವರಿ.

ಹಲಗೆ ಹೊಲಿಯುವುದು

ದಪ್ಪ ಹತ್ತಿಯ ಕ್ಯಾನ್ವಾಸ್ ಬಟ್ಟೆ 124 × 92 ಸೆಂ.ಮೀ. ಒಂದು ತುಂಡು, 0.3 ಮಿ.ಮೀ. ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ 120 × 5 ಸೆಂ.ಮೀ.ನ ನಾಲ್ಕು ಪಟ್ಟಿ, 12 ಮಿ.ಮೀ. ದಪ್ಪದ, 124 ಸೆಂ.ಮೀ. ಉದ್ದದ ಎರಡು ಕೋಲು. ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಆಮೇಲೆ ಕುಗ್ಗಿದರೆ ಪ್ಲಾಸ್ಟಿಕ್ ಕುಗ್ಗದೆ ಸುಕ್ಕಾಗುತ್ತದೆ. ಎಡ–ಬಲ ಅಂಚುಗಳನ್ನು 1 ಸೆಂ.ಮೀ.ನಂತೆ ಎರಡು ಮಡಿಕೆ ಹಾಕಿ ಹೊಲಿಯಿರಿ. ಮೇಲೆ ಕೆಳಗೆ 1 ಸೆಂ.ಮೀ. ಒಳಮಡಿಕೆ ಮಾಡಿ, 3 ಸೆಂ.ಮೀ. ಅಗಲದ ಕೋಲುಚೀಲ ಹೊಲಿಯಿರಿ. ಹಲಗೆ 120 × 84 ಆಗುತ್ತದೆ. ಕೆಳಗಿನ ಕೋಲು ಭಾರಕ್ಕೆ. ಅದಿಲ್ಲದಿದ್ದರೆ ಬಟ್ಟೆ ಮುದುರಿ ಕಾರ್ಡುಗಳು ಮುಂದಕ್ಕೆ ವಾಲುತ್ತವೆ.

ಕೆಳಗಿನ ಕೋಲುಚೀಲದ ಹೊಲಿಗೆಯಿಂದ ಶುರುಮಾಡಿ 17 ಸೆಂ.ಮೀ.ಗೊಂದು ಗೆರೆ ಎಳೆಯಿರಿ: ಹೊಲಿಗೆಗೆ 1, ಕಾರ್ಡಿಗೆ 15, ಬಿಡುವು 1. ನಾಲ್ಕು ಸಾಲಿಗೆ 68 ಸೆಂ.ಮೀ. ಹೋಗಿ ಮೇಲೆ 10 ಉಳಿಯುತ್ತದೆ, ಅಲ್ಲಿ ಚಿಹ್ನೆಗಳ ಪಟ್ಟಿ. ಪ್ಲಾಸ್ಟಿಕ್ಕಿಗೆ ಗುಂಡುಸೂಜಿ ಚುಚ್ಚಬೇಡಿ, ತೂತು ಮುಚ್ಚುವುದಿಲ್ಲ. ಕ್ಲಿಪ್ಪಿನಿಂದಲೋ ತೆಳು ಟೇಪಿನಿಂದಲೋ ಹಿಡಿಸಿ. ಹೊಲಿಗೆಯ ಉದ್ದ 4 ಮಿ.ಮೀ. ಇರಲಿ, ಹತ್ತಿರದ ಹೊಲಿಗೆ ಹಾಕಿದರೆ ತೂತುಗಳ ಸಾಲಿನಲ್ಲೇ ಪ್ಲಾಸ್ಟಿಕ್ ಹರಿದು ಬರುತ್ತದೆ. ಯಂತ್ರದ ಪಾದ ಪ್ಲಾಸ್ಟಿಕ್ಕಿಗೆ ಅಂಟಿ ಮುಂದೆ ಸಾಗದಿದ್ದರೆ ನಡುವೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಿರಿ.

ಪಟ್ಟಿಯ ಕೆಳಗಂಚನ್ನು ಪೂರ್ತಿ ಹೊಲಿಯಿರಿ. ಎಡ–ಬಲ ತುದಿಗಳಲ್ಲಿ ಕೆಳಗಿನಿಂದ 1.5 ಸೆಂ.ಮೀ. ಮಾತ್ರ. ತುದಿಯನ್ನು ಮೇಲಿನ ತನಕ ಹೊಲಿದರೆ, ಮಡಚಿದ ‘ಕಾಡು’ವಿನಂಥ ದಪ್ಪ ಕಾರ್ಡು ಇಟ್ಟಾಗ ಪ್ಲಾಸ್ಟಿಕ್ ಬಿಗಿದು ಇಡೀ ಬಟ್ಟೆ ಮುಂದಕ್ಕೆ ಬಾಗುತ್ತದೆ.

ಕ್ರಿಯಾಪದ ಚಕ್ರ

ವರ್ತಮಾನದಲ್ಲಿ ಒಂಬತ್ತು ರೂಪಗಳು: ತ್ತೇನೆ, ತ್ತೇವೆ, ತ್ತೀಯೆ, ತ್ತೀರಿ, ತ್ತಾನೆ, ತ್ತಾಳೆ, ತ್ತಾರೆ, ತ್ತದೆ, ತ್ತವೆ. 360ನ್ನು 9ರಿಂದ ಭಾಗಿಸಿದರೆ 40 ಡಿಗ್ರಿ, ಕೋನಮಾಪಕದಲ್ಲಿ ನೇರವಾಗಿ ಗುರುತಿಸಬಹುದು. 2 ಮಿ.ಮೀ. ರಟ್ಟಿನಲ್ಲಿ 36 ಸೆಂ.ಮೀ. ವ್ಯಾಸದ ಚಕ್ರ, ಅದರ ಮುಂದೆ 40 ಸೆಂ.ಮೀ. ಚೌಕದ ಮುಚ್ಚಳ. ಮುಚ್ಚಳದ ಎಡಭಾಗದಲ್ಲಿ 9 × 5.5 ಸೆಂ.ಮೀ. ಕಿಟಕಿ, ಕೇಂದ್ರದಿಂದ 8.5 ಸೆಂ.ಮೀ.ನಿಂದ 17.5ರ ತನಕ. ಕಿಟಕಿಯ ಎಡಕ್ಕೆ ಧಾತುವಿನ (ಕ್ರಿಯಾಪದದ ಮೂಲರೂಪದ) ಪಟ್ಟಿ ಇಡಲು ಸೀಳು. ಇಲ್ಲಿ ಅಕ್ಷರದ ಮೈ 3 ಸೆಂ.ಮೀ. ಸಾಕು.

ಪ್ರತ್ಯಯವನ್ನು ಚಕ್ರದ ಅಂಚಿನಿಂದ ನಡುವಿನ ಕಡೆಗೆ ಬರೆಯಬೇಕು. ನಡುವಿನಿಂದ ಅಂಚಿಗೆ ಬರೆದರೆ ಕಿಟಕಿಯನ್ನು ಬಲಕ್ಕೆ ಇಡಬೇಕಾಗುತ್ತದೆ, ಆಗ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಅರ್ಧ ಚಕ್ರ ಬಂದು ಕೂರುತ್ತದೆ. ಸರ್ವನಾಮ ತೋರಿಸಲು ಎದುರು ಬದಿಯಲ್ಲಿ ಇನ್ನೊಂದು ಕಿಟಕಿ ತೆರೆಯಬೇಡಿ. ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಒಂದು ಭಾಗದ ನೇರ ಎದುರಿಗೆ ಎರಡು ಭಾಗಗಳ ನಡುವಿನ ಗೆರೆ ಬರುತ್ತದೆ. ಸರ್ವನಾಮವನ್ನು ಚಕ್ರದ ಹಿಂಬದಿಯಲ್ಲಿ ಅದೇ ಭಾಗದ ಬೆನ್ನಿಗೆ ಬರೆಯಿರಿ: ತ್ತಾಳೆಯ ಹಿಂದೆ ‘ಅವಳು’, ತ್ತವೆಯ ಹಿಂದೆ ‘ಅವು’. ಹಿಂದಿನಿಂದ ನೋಡಿದಾಗ ಕ್ರಮ ತಿರುವುಮುರುವಾಗುತ್ತದೆ, ಆದ್ದರಿಂದ ಪ್ರತಿ ಭಾಗದ ನಡುವೆ ಸೂಜಿಯಿಂದ ಚುಚ್ಚಿ ಗುರುತು ಮಾಡಿಕೊಂಡೇ ಬರೆಯಬೇಕು. ಮುಚ್ಚಳದ ಹಿಂಬದಿಯಲ್ಲಿ, ಕಿಟಕಿಯ ನೇರಕ್ಕೆ ಬಾಣದ ಗುರುತು ಹಾಕಿ.

ಅಚ್ಚಿಗೆ ಕಾಗದದ ಪಿನ್ನು ಬೇಡ, ರಟ್ಟಿನ ತೂತು ಹರಿದು ಚಕ್ರ ಜೋಲುತ್ತದೆ. 4 ಮಿ.ಮೀ. ಬೋಲ್ಟು, ಎರಡೂ ಬದಿಗೆ ಅಗಲ ವಾಷರ್, ಒಳಗೆ ನೈಲಾನ್ ಬಳೆ ಇರುವ ನಟ್ಟು. ಸಾದಾ ನಟ್ಟು ಚಕ್ರ ತಿರುಗಿದಂತೆ ಬಿಚ್ಚಿಕೊಳ್ಳುತ್ತದೆ.

ಧಾತು ಪಟ್ಟಿಗಳು: ಓಡು, ಹಾಡು, ನೋಡು, ಮಾಡು, ಓದು, ತಿನ್ನು, ಬರು. ‘ಬರೆ’, ‘ಕುಡಿ’ಗಳಿಗೆ ನಡುವೆ ‘ಯು’ ಬೇಕು. ‘ಬರೆಯು’, ‘ಕುಡಿಯು’ ಎಂದು ಬರೆದು ‘ಯು’ವಿನ ಸುತ್ತ ಚುಕ್ಕಿಗೆರೆ ಹಾಕಿ. ಭವಿಷ್ಯತ್ತಿಗೂ ಒಂಬತ್ತೇ ರೂಪಗಳು: ವೆನು, ವೆವು, ವೆ, ವಿರಿ, ವನು, ವಳು, ವರು, ವುದು, ವುವು. ಧಾತು ಪಟ್ಟಿಗಳು ಬದಲಾಗುವುದಿಲ್ಲ, ಚಕ್ರವನ್ನಷ್ಟೇ ಬದಲಿಸಿ. ಭೂತಕಾಲವನ್ನು ಚಕ್ರಕ್ಕೆ ಹತ್ತಿಸುವ ಆಸೆ ಬೇಡ. ನೋಡಿದನು ಸರಿ, ಆದರೆ ತಿನ್ನು ‘ತಿಂದನು’ ಆಗುತ್ತದೆ, ಬರು ‘ಬಂದನು’ ಆಗುತ್ತದೆ. ಅವನ್ನು ಇಡಿಯ ಕಾರ್ಡುಗಳಾಗಿ ಹಲಗೆಯಲ್ಲಿ ಕಲಿಸಿ. ಹಲಗೆಯಲ್ಲಿ ವಾಕ್ಯ ಜೋಡಿಸಲು ವರ್ತಮಾನದ ಒಂಬತ್ತು ಪ್ರತ್ಯಯಗಳೂ ದೊಡ್ಡ ಗಾತ್ರದಲ್ಲಿ ಬೇಕು.

ಹಲಗೆಯ ಮೇಲೆ

ಶುರುವಿಗೆ ಕಪ್ಪು ಮತ್ತು ಕೆಂಪು ಎರಡೇ. ‘ಹುಡುಗಿ ಓಡುತ್ತಾಳೆ’, ‘ಆನೆ ಓಡುತ್ತದೆ’. ಪ್ರಥಮಾ ವಿಭಕ್ತಿಯ ‘ಯು’, ‘ನು’ ಇಲ್ಲದೆಯೂ ವಾಕ್ಯ ಸರಿಯಾಗಿಯೇ ಇರುತ್ತದೆ, ಮಕ್ಕಳು ಮಾತಾಡುವುದೂ ಹಾಗೆಯೇ. ಆಮೇಲೆ ಹಸಿರು ತನ್ನಿ. ‘ಹುಲಿ ಆನೆಯನ್ನು ನೋಡುತ್ತದೆ’ ಎಂದು ಇಟ್ಟು, ‘ಆನೆಯನ್ನು’ ಎಂಬ ಜೋಡಿಯನ್ನು ಎತ್ತಿ ಮೊದಲಿಗೆ ತನ್ನಿ: ‘ಆನೆಯನ್ನು ಹುಲಿ ನೋಡುತ್ತದೆ’. ಯಾರು ಯಾರನ್ನು ನೋಡುತ್ತಿದ್ದಾರೆ ಎಂದು ಕೇಳಿ. ಅರ್ಥ ಬದಲಾಗಿಲ್ಲ. ಈಗ ಪದಗಳನ್ನು ಅಲ್ಲೇ ಬಿಟ್ಟು ‘ಯನ್ನು’ ಒಂದನ್ನೇ ಕಿತ್ತು ಹುಲಿಗೆ ಸೇರಿಸಿ: ‘ಆನೆ ಹುಲಿಯನ್ನು ನೋಡುತ್ತದೆ’. ಒಂದು ಹಸಿರು ಕಾರ್ಡು ಜಾಗ ಬದಲಿಸಿದ್ದಕ್ಕೆ ನೋಡುವವರೇ ಬದಲಾದರು. ಬಿಡಿಸುವ ಕಾರ್ಡು ಮಾಡಿದ ಶ್ರಮವೆಲ್ಲ ಈ ಕ್ಷಣಕ್ಕಾಗಿ. ಇದನ್ನು ಬಾಯಿಮಾತಿನಲ್ಲಿ ವಿವರಿಸಿ ಒಪ್ಪಿಸುವುದು ಕಷ್ಟ.

‘ಇದು ಮರ’ ಎಂಬ ವಾಕ್ಯದಲ್ಲಿ ಕೆಂಪು ಕಾರ್ಡು ಇಲ್ಲ. ಪ್ರತಿ ವಾಕ್ಯದಲ್ಲೂ ಕೆಂಪು ಹುಡುಕಲು ಕಲಿತ ಮಕ್ಕಳು ಏನೋ ಬಿಟ್ಟುಹೋಗಿದೆ ಎನ್ನುತ್ತಾರೆ. ಅದಕ್ಕಾಗಿ ‘ಆಗಿದೆ’ ಎಂಬ ಕಾರ್ಡು ಮಾಡಿ ತುಂಬಬೇಡಿ. ಕನ್ನಡದಲ್ಲಿ ಕ್ರಿಯಾಪದವಿಲ್ಲದ ವಾಕ್ಯ ಪೂರ್ಣ ವಾಕ್ಯವೇ. ಹಲಗೆಯಲ್ಲೂ ಹಾಗೆಯೇ ನಿಲ್ಲಲಿ.

‘ಹಾಡು’ ಎರಡು ಕಾರ್ಡಾಗಿ ಬೇಕು: ಮಡಚುವ ‘ಡು’ ಇರುವ ಕಪ್ಪು ಕಾರ್ಡು, ಎರಡು ಹಲ್ಲಿನ ಕಚ್ಚಿರುವ ಕೆಂಪು ಕಾರ್ಡು. ಮುಚ್ಚುವ ಪಟ್ಟಿ ಹಾಕಿ ‘ಹುಡುಗಿ ಹಾಡನ್ನು ಹಾಡುತ್ತಾಳೆ’ ಎಂದು ಇಟ್ಟು ಬಣ್ಣ ಕೇಳಿ. ‘ಕೆಂಪು’ ಕಾರ್ಡಿಗೆ ಎರಡೂ ಬದಿ ಬರೆಯಿರಿ: ‘ಕೆಂಪು ಎಲೆ’ ಎನ್ನುವಾಗ ನೀಲಿ ಬದಿ, ‘ನನಗೆ ಕೆಂಪು ಇಷ್ಟ’ ಎನ್ನುವಾಗ ಕಪ್ಪು ಬದಿ. ಪದ ಯಾವ ವರ್ಗದ್ದು ಎಂಬುದನ್ನು ವಾಕ್ಯ ನೋಡಿ ಹೇಳಬೇಕು ಎಂಬುದು ಈ ಎರಡು ಪದಗಳಿಂದಲೇ ತಿಳಿಯುತ್ತದೆ.

ತೆಗೆದಿಡುವಾಗ ಜೇಬುಗಳು ಹೊರಮುಖವಾಗಿರುವಂತೆ ಹಲಗೆಯನ್ನು ಕೆಳಗಿನ ಕೋಲಿಗೆ ಸುತ್ತಿ. ಒಳಮುಖವಾಗಿ ಸುತ್ತಿದರೆ ಪ್ಲಾಸ್ಟಿಕ್ ಬಟ್ಟೆಯಿಂದ ಆಚೆಗೆ ಬಾಗಿ, ಮತ್ತೆ ತೂಗುಹಾಕಿದಾಗ ಜೇಬುಗಳು ಬಾಯಿ ತೆರೆದುಕೊಂಡಿರುತ್ತವೆ. ಪ್ರತ್ಯಯ ಕಾರ್ಡುಗಳು ಚಿಕ್ಕವು, ಬೇಗ ಕಳೆಯುತ್ತವೆ. ಗುಂಪಿಗೊಂದು ಲಕೋಟೆ ಮಾಡಿ ಮೇಲೆ ನಾಲಿಗೆಯ ಆಕಾರ ಮತ್ತು ಕಾರ್ಡುಗಳ ಸಂಖ್ಯೆ ಬರೆದಿಟ್ಟರೆ ಮಕ್ಕಳೇ ಎಣಿಸಿ ತುಂಬುತ್ತಾರೆ. ‘ಯನ್ನು’ ಮತ್ತು ‘ವನ್ನು’ ಕಾರ್ಡುಗಳನ್ನು ಮೊದಲೇ ಎರಡೆರಡು ಮಾಡಿಡಿ, ಎಲ್ಲಕ್ಕಿಂತ ಬೇಗ ಸವೆಯುವ ನಾಲಿಗೆಗಳು ಅವುಗಳದ್ದೇ.